ಹೊಗೆ ಕಂಡ ಕೂಡಲೇ ಬೆಂಕಿ ಅನ್ನಬೇಡಿ: ನ್ಯಾಯಶಾಸ್ತ್ರ ಹಿಡಿದು ಬಗ್ ಹುಡುಕುವುದು ಹೇಗೆ

"ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು, ಹಾಗಾದ್ರೆ ಮೆಮೊರಿ ಲೀಕೇ." ಸಾಫ್ಟ್‌ವೇರ್ ಕೆಲಸದಲ್ಲಿರುವವರು ಈ ಮಾತನ್ನು ಕೇಳದೆ ಇರಲ್ಲ. ಮೆಮೊರಿ ಲೀಕ್ ಅಂದರೆ ಪ್ರೋಗ್ರಾಂ ತಾನು ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಬಿಡದೇ ಇರುವುದು. ನಾನೂ ಹೇಳಿದ್ದೇನೆ, ಹೇಳಿ ಎರಡು ದಿನ ಹಾಳು ಮಾಡಿಕೊಂಡಿದ್ದೇನೆ. ರೀಸ್ಟಾರ್ಟ್ ಮಾಡಿದರೆ ಸಿಕ್ಕಿಹಾಕಿಕೊಂಡಿದ್ದ ಕನೆಕ್ಷನ್‌ಗಳೂ ಬಿಡುತ್ತವೆ, ಹಳೇ ಕ್ಯಾಶೂ (ಬೇಗ ಸಿಗಲಿ ಅಂತ ಎತ್ತಿಟ್ಟುಕೊಂಡ ಡೇಟಾ) ಹೋಗುತ್ತದೆ. ಅಂದಮೇಲೆ ಲೀಕ್ ಅಂತಲೇ ಹೇಗೆ ಹೇಳೋದು? ಹೀಗೆ ಎಲ್ಲ ಕಡೆ ಅಡ್ಡಾಡುವ ಕಾರಣಕ್ಕೆ ನೈಯಾಯಿಕರು, ಅಂದರೆ ನಮ್ಮ ಹಳೇ ತರ್ಕಶಾಸ್ತ್ರವಾದ ನ್ಯಾಯದ ಪಂಡಿತರು, ಎಂದೋ ಹೆಸರಿಟ್ಟಿದ್ದಾರೆ: ಸವ್ಯಭಿಚಾರ.

ಶುರು ಮಾಡೋಕೆ ಗೌತಮರ ನ್ಯಾಯಸೂತ್ರದಿಂದ ಗಂಗೇಶನ ತತ್ತ್ವಚಿಂತಾಮಣಿವರೆಗೆ ಎಲ್ಲ ಓದಬೇಕಿಲ್ಲ. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಸಾಕು, ಪುಟ್ಟ ಪುಸ್ತಕ. ಅದರಲ್ಲೂ ಅನುಮಾನದ ಭಾಗ ಮಾತ್ರ ಈಗ ನಮಗೆ ಬೇಕು. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕದಿಂದ ತಿಳಿಯುವುದು.

ಮೊದಲ ಕೆಲಸ, ನಿಮ್ಮ ಊಹೆಯನ್ನು ಐದು ವಾಕ್ಯದಲ್ಲಿ ಬರೆಯಿರಿ. ಮನಸ್ಸಿನಲ್ಲಿ ಅಂದುಕೊಂಡರೆ ಆಗಲ್ಲ, ಬರೆಯಲೇಬೇಕು. ನನ್ನದೇ ಒಂದು ಕೇಸ್ ಹೇಳುತ್ತೇನೆ. ಒಂದು ಮಾರಾಟದ ರಿಪೋರ್ಟ್‌ನಲ್ಲಿ ಕೆಲವು ಆರ್ಡರ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತಿದ್ದವು. ಡೇಟಾಬೇಸ್‌ನಲ್ಲಿ ಸಮಯ ಇರುವುದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹೀಗೆ ಬರೆದೆ:

ಪ್ರತಿಜ್ಞೆ: ಈ ರಿಪೋರ್ಟ್ ಸಮಯವನ್ನು ನಮ್ಮ ಸಮಯಕ್ಕೆ ಬದಲಿಸದೆ ತಾರೀಕು ತೆಗೆಯುತ್ತಿದೆ.
ಹೇತು: ಯಾಕೆಂದರೆ ಇದರಲ್ಲಿ ಆರ್ಡರ್‌ಗಳು ಒಂದು ದಿನ ಹಿಂದೆ ಬಿದ್ದಿವೆ.
ಉದಾಹರಣೆ: ಯಾವ ರಿಪೋರ್ಟ್‌ನಲ್ಲಿ ಆರ್ಡರ್ ಒಂದು ದಿನ ಹಿಂದೆ ಬಿದ್ದಿದೆಯೋ ಅಲ್ಲಿ ಸಮಯ ಬದಲಿಸಿರುವುದಿಲ್ಲ, ಹೋದ ತಿಂಗಳ ಸ್ಟಾಕ್ ರಿಪೋರ್ಟ್‌ನ ಹಾಗೆ.
ಉಪನಯ: ಈ ರಿಪೋರ್ಟೂ ಹಾಗೇ ಇದೆ.
ನಿಗಮನ: ಆದ್ದರಿಂದ ಇಲ್ಲೂ ಸಮಯ ಬದಲಿಸಿಲ್ಲ.

ನೋಡೋಕೆ ಚೆನ್ನಾಗಿದೆ, ಅಲ್ವಾ? ಈಗ ಮೂರನೇ ಸಾಲನ್ನು ಹಿಡಿದು ಅಲ್ಲಾಡಿಸಿ. "ಎಲ್ಲಿ ಇದೋ ಅಲ್ಲಿ ಅದು" ಅನ್ನುವ ಆ ನಂಟಿಗೆ ವ್ಯಾಪ್ತಿ ಅಂತ ಹೆಸರು. ಜೀವ ಇರುವುದೆಲ್ಲ ಅಲ್ಲೇ.

ವ್ಯಾಪ್ತಿ ಪರೀಕ್ಷೆ ಮಾಡೋಕೆ ಎರಡು ಜಾಗ ನೋಡಬೇಕು. ಬೆಟ್ಟದ ಮೇಲೆ ಹೊಗೆ ಕಂಡವನಿಗೆ ಅಡುಗೆಮನೆ ಸಪಕ್ಷ, ಅಲ್ಲಿ ಬೆಂಕಿ ಇರುವುದು ಗೊತ್ತೇ ಇದೆ. ಕೆರೆ ವಿಪಕ್ಷ, ಅಲ್ಲಿ ಬೆಂಕಿ ಇಲ್ಲ. ನಾವು ಜಾಸ್ತಿ ಜನ ಅಡುಗೆಮನೆ ನೋಡಿ ಖುಷಿಯಾಗಿ ವಾಪಸ್ ಬರುತ್ತೇವೆ, ಕೆರೆ ಕಡೆ ಹೋಗುವುದೇ ಇಲ್ಲ. ಸಮಯ ಸರಿಯಾಗಿ ಬದಲಿಸುವ ಇನ್ನೊಂದು ರಿಪೋರ್ಟ್ ಇತ್ತು, ಅದೇ ನನ್ನ ಕೆರೆ. ತೆರೆದು ನೋಡಿದರೆ ಅಲ್ಲೂ ಎರಡು ಆರ್ಡರ್ ಒಂದು ದಿನ ಹಿಂದೆ! ಯಾರೋ ಕೈಯಾರೆ ಎಂಟ್ರಿ ಮಾಡುವಾಗ ನಿನ್ನೆಯ ತಾರೀಕು ಹೊಡೆದಿದ್ದರು. ಕೆರೆಯಲ್ಲಿ ಹೊಗೆ ಕಂಡಿತು ಅಂದರೆ ನನ್ನ ಹೇತು ಕೆಟ್ಟಿತು.

ಹಾಗಂತ ಊಹೆಯನ್ನೇ ಎಸೆಯಬೇಡಿ, ಹೇತುವನ್ನು ಬಿಗಿ ಮಾಡಿ. ನಾನು ಬದಲಿಸಿದ್ದು ಹೀಗೆ: "ರಾತ್ರಿ 12ರಿಂದ ಬೆಳಗ್ಗೆ 5:30ರೊಳಗೆ ಬಂದ ಆರ್ಡರ್‌ಗಳೆಲ್ಲ ಒಂದು ದಿನ ಹಿಂದೆ ಬಿದ್ದಿವೆ." ಆಮೇಲೆ 5:29ಕ್ಕೊಂದು, 5:31ಕ್ಕೊಂದು ಟೆಸ್ಟ್ ಆರ್ಡರ್ ಹಾಕಿದೆ. ಮೊದಲನೆಯದು ನಿನ್ನೆಗೆ ಬಿತ್ತು, ಎರಡನೆಯದು ಇವತ್ತಿಗೆ. ಸರಿಯಾದ ರಿಪೋರ್ಟ್‌ನಲ್ಲಿ ಎರಡೂ ಇವತ್ತಿಗೇ ಬಿದ್ದವು.

ಈ ಸಪಕ್ಷ ವಿಪಕ್ಷದ ಆಟಕ್ಕೆ ಬೌದ್ಧ ತಾರ್ಕಿಕ ದಿಙ್ನಾಗ ಒಂದು ಕೋಷ್ಟಕವನ್ನೇ ಮಾಡಿಟ್ಟಿದ್ದಾನೆ, ಹೆಸರು ಹೇತುಚಕ್ರ. ಹೇತು ಸಪಕ್ಷದಲ್ಲಿ ಪೂರ್ತಿ ಇರಬಹುದು, ಸ್ವಲ್ಪ ಇರಬಹುದು, ಇಲ್ಲದೇ ಇರಬಹುದು. ವಿಪಕ್ಷದಲ್ಲೂ ಹಾಗೇ ಮೂರು. ಒಟ್ಟು 9 ಮನೆ, ಪಾಸಾಗುವುದು 2 ಮಾತ್ರ, ಆ ಎರಡರಲ್ಲೂ ವಿಪಕ್ಷದಲ್ಲಿ ಹೇತು ಸೊನ್ನೆ. ಟೆಸ್ಟ್ ಕೇಸ್ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಇನ್ನು ಉಪಾಧಿ, ಅಂದರೆ ಹಿಂದೆ ಅಡಗಿ ಕೂತ ಷರತ್ತು. ನನ್ನ ಪ್ರಕಾರ ಇಡೀ ಶಾಸ್ತ್ರದಲ್ಲಿ ನಮ್ಮ ಕೆಲಸಕ್ಕೆ ಹೆಚ್ಚು ಬರುವುದು ಇದೇ. "ಬೆಂಕಿ ಇದ್ದಲ್ಲೆಲ್ಲ ಹೊಗೆ" ಅನ್ನುವುದು ತಪ್ಪು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರೋಕೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಹೊಗೆ ಇದ್ದ ಕಡೆಯೆಲ್ಲ ಅದಿದೆ, ಆದರೆ ಬೆಂಕಿ ಇದ್ದ ಕಡೆಯೆಲ್ಲ ಇಲ್ಲ. "ಹೊಸ ಕೋಡ್ ಹಾಕಿದಾಗಲೆಲ್ಲ ಸೈಟ್ ನಿಧಾನ, ಕೋಡೇ ಸರಿಯಿಲ್ಲ" ಅಂತ ಯಾರಾದರೂ ಬೈದರೆ ಹಸಿ ಸೌದೆ ಹುಡುಕಿ. ಕೋಡ್ ಹಾಕುವಾಗ ಸ್ಕ್ರಿಪ್ಟ್ ಕ್ಯಾಶ್ ಖಾಲಿ ಮಾಡುತ್ತಿದೆಯಾ? ಕ್ಯಾಶ್ ಮುಟ್ಟದೆ ಕೋಡ್ ಮಾತ್ರ ಹಾಕಿ ನೋಡಿ, ಆಮೇಲೆ ಕೋಡ್ ಮುಟ್ಟದೆ ಕ್ಯಾಶ್ ಮಾತ್ರ ಖಾಲಿ ಮಾಡಿ ನೋಡಿ, ಹತ್ತು ನಿಮಿಷದಲ್ಲಿ ಜಗಳ ಮುಗಿಯುತ್ತದೆ. ಮೆಷೀನ್ ಲರ್ನಿಂಗ್ ಮಾಡೆಲ್‌ಗಳು ತಪ್ಪು ಪಾಠ ಕಲಿಯುವುದೂ ಎಷ್ಟೋ ಸಲ ಇಂಥ ಹಸಿ ಸೌದೆ ಕಣ್ಣಿಗೆ ಬೀಳದೇ ಇರುವುದರಿಂದ.

ಇಲ್ಲೊಂದು ಮಾತು. "ಕಂಪ್ಯೂಟರ್‌ಗೆ ಸಂಸ್ಕೃತವೇ ಬೆಸ್ಟ್ ಅಂತ ನಾಸಾ ಹೇಳಿದೆ" ಅನ್ನುವ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಅದರ ಬೇರು 1985ರಲ್ಲಿ ರಿಕ್ ಬ್ರಿಗ್ಸ್ ಬರೆದ ಒಂದು ಲೇಖನ. ವಾಕ್ಯದ ಅರ್ಥವನ್ನು ಶಾಸ್ತ್ರಕಾರರು ಬಿಡಿಸುವ ರೀತಿಗೂ ಕೃತಕ ಬುದ್ಧಿಮತ್ತೆಯವರು ಜ್ಞಾನವನ್ನು ಜೋಡಿಸಿಡುವ ರೀತಿಗೂ ಹೋಲಿಕೆಯಿದೆ ಅಂತ ಅದರಲ್ಲಿ ತೋರಿಸಿದ್ದರು. ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಿರಿ ಅಂತಲ್ಲ. ನಿಜವಾಗಿ ಚೆನ್ನಾಗಿರುವ ಸಂಗತಿಯನ್ನು ಸುಮ್ನೆ ಹೊಗಳಿ ಹೊಗಳಿ ಹಾಳು ಮಾಡುತ್ತೇವೆ.

ಸವ್ಯಭಿಚಾರದಂತೆ ಕಾರಣದ ವೇಷ ಹಾಕಿದ ಕೆಟ್ಟ ಹೇತುಗಳಿಗೆ ಹೇತ್ವಾಭಾಸ ಅಂತ ಹೆಸರು, ಉಳಿದವನ್ನು ಬೇಗ ಹೇಳಿಬಿಡುತ್ತೇನೆ. "ರ‍್ಯಾಮ್‌ನಲ್ಲಿ ಮಾತ್ರ ಇಟ್ಟಿದ್ದೇವೆ, ಅದಕ್ಕೇ ಡೇಟಾ ಶಾಶ್ವತ" ಅಂದರೆ ವಿರುದ್ಧ, ಕರೆಂಟ್ ಹೋದರೆ ಅಲ್ಲಿರುವುದೆಲ್ಲ ಅಳಿಯುತ್ತದೆ, ಕೊಟ್ಟ ಕಾರಣವೇ ಉಲ್ಟಾ ಸಾಧಿಸುತ್ತದೆ. "ಈ ಫಂಕ್ಷನ್ ಯಾರೂ ಕರೆಯಲ್ಲ" ಅಂತ ಎಷ್ಟೇ ವಾದಿಸಿ, ಪ್ರೋಗ್ರಾಂ ಬರೆದಿಡುವ ದಾಖಲೆಯಾದ ಲಾಗ್‌ನಲ್ಲಿ ಕರೆದದ್ದು ಕಣ್ಣೆದುರೇ ಇದ್ದರೆ ಬಾಧಿತ. ಇಬ್ಬರ ಕಾರಣಗಳೂ ಸಮಬಲವಾಗಿ ಎದುರುಬದುರು ನಿಂತರೆ ಸತ್ಪ್ರತಿಪಕ್ಷ, ಆಗ ವಾದ ನಿಲ್ಲಿಸಿ ಇನ್ನೊಂದು ಲಾಗ್ ಸೇರಿಸಿ.

ಕೊನೆಯದು ಅಸಿದ್ಧ, ಅಂದರೆ ಕಾರಣಕ್ಕೇ ನೆಲೆಯಿಲ್ಲದ್ದು. ಅದರಲ್ಲೊಂದು ಬಗೆ ಆಶ್ರಯಾಸಿದ್ಧ, "ಆಕಾಶದ ತಾವರೆ ಪರಿಮಳವಾಗಿದೆ, ತಾವರೆ ಅಲ್ವಾ ಅದಕ್ಕೆ" ಅನ್ನುವ ಥರ. ತಾವರೆಯೇ ಇಲ್ಲ, ಪರಿಮಳ ಎಲ್ಲಿಂದ? ನಗಬೇಡಿ. ಒಂದು ಮಧ್ಯಾಹ್ನ ಪೂರ್ತಿ ನಾನು ಒಂದು ಫೈಲಿನ ಸಾಲು ಸಾಲನ್ನೂ ಓದಿ, ಇಲ್ಲೇ ತಪ್ಪಿದೆ ಅಂತ ಪಕ್ಕದವರಿಗೆ ಐದು ವಾಕ್ಯದಲ್ಲಿ ಸಾಧಿಸಿಯೂ ತೋರಿಸಿದ್ದೆ. ಸರ್ವರ್‌ನಲ್ಲಿ ಓಡುತ್ತಿದ್ದದ್ದು ಹಿಂದಿನ ವಾರದ ಬಿಲ್ಡ್, ಆ ಫೈಲು ಅದರಲ್ಲಿ ಇರಲೇ ಇಲ್ಲ.