ಸುಂಕದಕಟ್ಟೆಯಿಂದ ಧರ್ಮಸ್ಥಳಕ್ಕೆ: ಕಾಲು ಕಂಡ ದಾರಿ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುತ್ತೇನೆ ಎಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಘಾಟಿ ಹತ್ತುವುದು ಕಷ್ಟವಲ್ಲವೇ?’ ನಾವು ಘಾಟಿ ಹತ್ತುವುದೇ ಇಲ್ಲ, ಇಳಿಯುತ್ತೇವೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಯಲುಸೀಮೆಯಲ್ಲಿ ನಡೆದು, ಕಾಲು ದಣಿದಿರುವ ಹೊತ್ತಿಗೆ ಸರಿಯಾಗಿ ಶಿರಾಡಿಯ ಇಳಿಜಾರು ಎದುರಾಗುತ್ತದೆ. ಐದು ಸಲ ನಡೆದಿದ್ದೇನೆ. ಮೊದಲ ಸಲ ಇದು ತಿಳಿಯದೆ ಎರಡು ಹೆಬ್ಬೆರಳಿನ ಉಗುರುಗಳನ್ನೂ ಕಳೆದುಕೊಂಡೆ.

ನಮ್ಮ ತಂಡ ಹೊರಡುವುದು ಸುಂಕದಕಟ್ಟೆಯಿಂದ. ನೆಲಮಂಗಲದ ಹೆದ್ದಾರಿಯ ಬದಲು ಮಾಗಡಿ ರಸ್ತೆ ಹಿಡಿದು, ಮಾಗಡಿಯ ಮೇಲೆ ಕುಣಿಗಲ್ಲಿಗೆ ಹೋಗಿ ಅಲ್ಲಿ ಹೆದ್ದಾರಿ ಸೇರುತ್ತೇವೆ. ಈ ದಾರಿಯಲ್ಲಿ ಏರಿಳಿತ ಇದೆ, ದೂರದಲ್ಲಿ ಸಾವನದುರ್ಗದ ಬಂಡೆ ಇದೆ, ಬೆಳಗಿನ ಜಾವ ಲಾರಿಗಳ ಕಾಟ ಕಡಿಮೆ. ಮೊದಲ ದಿನವೇ ನಲವತ್ತು ಕಿಲೋಮೀಟರ್ ನಡೆದುಬಿಡೋಣ ಎಂಬ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಮೊದಲ ದಿನ ಎದ್ದ ಬೊಬ್ಬೆ ಎಂಟನೆಯ ದಿನದವರೆಗೂ ಜೊತೆಗೇ ಬರುತ್ತದೆ.

ಕುಣಿಗಲ್ಲಿನಿಂದ ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಅಗಲವಾದ ಟಾರು ರಸ್ತೆ, ಹಳ್ಳವಿಲ್ಲ, ಕೆಸರಿಲ್ಲ. ಆದರೆ ಹೆಚ್ಚು ಜನ ಕುಂಟುವುದು ಇಲ್ಲಿಯೇ. ಕಾರಣ ನನಗೆ ಗೊತ್ತಾಗಿದ್ದು ಎರಡನೆಯ ವರ್ಷ, ಯಡಿಯೂರಿನಲ್ಲಿ ದಾಸೋಹದ ಊಟ ಮುಗಿಸಿ ನೆರಳಲ್ಲಿ ಕಾಲು ಚಾಚಿ ಕುಳಿತಾಗ. ಬಲಗಾಲಿನಲ್ಲಿ ಕಿರುಬೆರಳಿನ ಕೆಳಗೆ ಬೊಬ್ಬೆ, ಎಡಗಾಲಿನಲ್ಲಿ ಹೆಬ್ಬೆರಳಿನ ಪಕ್ಕ ಬೊಬ್ಬೆ. ಪಕ್ಕದಲ್ಲಿ ಕುಳಿತಿದ್ದ ಅತ್ತಿಗೆಯ ಕಾಲು ನೋಡಿದೆ, ಅದೇ ಎರಡು ಜಾಗ. ಇನ್ನೂ ಮೂವರ ಕಾಲು ನೋಡಿದೆ, ಅದೇ. ಮಳೆನೀರು ನಿಲ್ಲದಿರಲಿ ಎಂದು ರಸ್ತೆಯನ್ನು ಅಂಚಿನ ಕಡೆಗೆ ವಾಲಿಸಿಯೇ ಕಟ್ಟಿರುತ್ತಾರೆ. ಎದುರಿನಿಂದ ಬರುವ ವಾಹನ ಕಾಣಲಿ ಎಂದು ನಾವು ಬಲ ಅಂಚಿನಲ್ಲಿ ನಡೆಯುತ್ತೇವೆ. ದಿನವಿಡೀ ಎರಡೂ ಪಾದ ಚಪ್ಪಲಿಯೊಳಗೆ ಬಲಕ್ಕೆ ಜಾರುತ್ತಲೇ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ವಾಲು ಅದು, ಆದರೆ ಸಾವಿರಾರು ಹೆಜ್ಜೆಗೆ ಚರ್ಮ ಸುಲಿಯುತ್ತದೆ. ಅಂದಿನಿಂದ ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದರ ಎಡ ಅಂಚಿಗೆ ಹೋಗಿ ಇನ್ನೊಂದು ಕಡೆಗೆ ವಾಲು ಕೊಡುತ್ತೇನೆ. ಅಂಚಿನಲ್ಲಿ ಗಟ್ಟಿಯಾದ ಮಣ್ಣು ಇದ್ದರೆ ಟಾರು ಬಿಟ್ಟು ಅದರ ಮೇಲೆ ನಡೆಯುತ್ತೇನೆ. ಸಡಿಲ ಜಲ್ಲಿ ಇದ್ದರೆ ಮಾತ್ರ ಬೇಡ, ಕಣಕಾಲು ಉಳುಕುತ್ತದೆ. ಎರಡು ಜೊತೆ ಹತ್ತಿಯ ಕಾಲುಚೀಲ, ಒಳಗೆ ಧಾರಾಳವಾಗಿ ಹರಳೆಣ್ಣೆ. ಆ ಮೇಲೆ ಆ ಜಾಗದಲ್ಲಿ ನನಗೆ ಬೊಬ್ಬೆ ಬಂದಿಲ್ಲ.

ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಹನ್ನೊಂದು ಗಂಟೆಗೆಲ್ಲ ಟಾರು ಕಾಯುತ್ತದೆ. ಹರಕೆ ಹೊತ್ತು ಬರಿಗಾಲಿನಲ್ಲಿ ನಡೆಯುವವರು ಆಗ ಬಿಳಿ ಪಟ್ಟಿ ಹುಡುಕಿ ಅದರ ಮೇಲೇ ಹೆಜ್ಜೆ ಇಡುತ್ತಾರೆ, ಅದು ಕಪ್ಪು ಟಾರಿನಷ್ಟು ಸುಡುವುದಿಲ್ಲ. ನಾವು ಬೆಳಗಿನ ಜಾವ ಮೂರೂವರೆಗೆ ಹೊರಟು ಹತ್ತೂವರೆಗೆ ನಿಲ್ಲಿಸುತ್ತೇವೆ, ಮತ್ತೆ ನಾಲ್ಕರ ಮೇಲೆ ನಡಿಗೆ. ಕತ್ತಲಲ್ಲಿ ಬೆನ್ನಿಗೂ ಎದೆಗೂ ಹೊಳೆಯುವ ಪಟ್ಟಿ ಇರುವ ಜಾಕೆಟ್ ಇಲ್ಲದವರನ್ನು ನಾನು ತಂಡದಲ್ಲಿ ನಡೆಯಲು ಬಿಡುವುದಿಲ್ಲ. ಇದರಲ್ಲಿ ಯಾವ ದಾಕ್ಷಿಣ್ಯವೂ ಇಲ್ಲ.

ಆಲೂರು ದಾಟಿದ ಮೇಲೆ ಈ ವೇಳಾಪಟ್ಟಿ ಬದಲಾಗುತ್ತದೆ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗಳ ಓಡಾಟವಿದೆ. ಅಲ್ಲಿ ಬೆಳಕು ಹರಿದ ಮೇಲೆ ಹೊರಟು ಸಂಜೆ ಕತ್ತಲಾಗುವ ಮೊದಲೇ ತಂಗುವ ಜಾಗ ಸೇರುತ್ತೇವೆ. ಸಕಲೇಶಪುರದಲ್ಲಿ ಹೇಮಾವತಿಯಲ್ಲಿ ಮಿಂದು ಅರ್ಧ ದಿನ ಪೂರ್ತಿ ವಿಶ್ರಾಂತಿ. ಆ ಅರ್ಧ ದಿನ ಉಳಿಸೋಣ ಎನ್ನುವವರು ಪ್ರತಿ ವರ್ಷ ಇರುತ್ತಾರೆ, ನಾನು ಪ್ರತಿ ವರ್ಷ ಒಪ್ಪುವುದಿಲ್ಲ.

ಏಕೆಂದರೆ ಮುಂದಿರುವುದು ದೋಣಿಗಲ್, ಮಾರನಹಳ್ಳಿ, ಕೆಂಪುಹೊಳೆ, ಗುಂಡ್ಯ. ದೋಣಿಗಲ್ಲಿನ ಬಳಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದಾರೆ. ಮಳೆಗಾಲದಲ್ಲಿ ಮಣ್ಣು ಕುಸಿಯುವ ಜಾಗ ಅದು, ಶಿವರಾತ್ರಿಯ ಹೊತ್ತಿಗೆ ಬರೀ ಧೂಳು. ಬಾಯಿಗೆ ಒದ್ದೆ ಟವಲು ಕಟ್ಟಿಕೊಳ್ಳುತ್ತೇವೆ. ಮಾರನಹಳ್ಳಿಯ ಕೆಳಗೆ ನಿಜವಾದ ಇಳಿಜಾರು. 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದರು. ವಾಹನಗಳಿಗೆ ಅದು ವರ, ಮೊಣಕಾಲಿಗೆ ಅಲ್ಲ. ಟಾರಿಗೆ ಇರುವ ಚೂರು ಮೆತುವೂ ಕಾಂಕ್ರೀಟಿಗೆ ಇಲ್ಲ. ಪ್ರತಿ ಹೆಜ್ಜೆಯ ಏಟು ಹಿಮ್ಮಡಿಯಿಂದ ಸೊಂಟಕ್ಕೆ ಬಡಿಯುತ್ತದೆ.

ಇಲ್ಲಿ ನಡೆಯುವುದನ್ನು ನನಗೆ ಕಲಿಸಿದವರು ನಮ್ಮ ತಂಡದ ಹಿರಿಯರು, ನಾವೆಲ್ಲ ಅಜ್ಜ ಎಂದೇ ಕರೆಯುತ್ತೇವೆ. ಮೊದಲ ವರ್ಷ ನಾನು ಇಳಿಜಾರಿನ ಓಘಕ್ಕೆ ದಡದಡ ಇಳಿಯುತ್ತಿದ್ದೆ. ಅವರು ತಮ್ಮ ಬಿದಿರು ಕೋಲನ್ನು ಅಡ್ಡ ಹಿಡಿದು ನಿಲ್ಲಿಸಿದರು. ‘ರಸ್ತೆ ನಿನ್ನನ್ನು ಎಳೆದುಕೊಂಡು ಹೋಗುತ್ತಿದೆ ತಾಯಿ. ನೀನು ನಡೆ. ಮಂಡಿ ಒಂಚೂರು ಬಗ್ಗಿಸು, ಹೆಜ್ಜೆ ಅರ್ಧ ಮಾಡು’ ಎಂದರು. ತಾವೇ ಹತ್ತು ಹೆಜ್ಜೆ ಇಳಿದು ತೋರಿಸಿದರು. ಅವರ ಪಾದ ನೆಲಕ್ಕೆ ತಾಗುವ ಸದ್ದೇ ಕೇಳಲಿಲ್ಲ. ನನ್ನ ಉಗುರುಗಳು ಆಗಲೇ ಶೂ ತುದಿಗೆ ಬಡಿದು ಕಪ್ಪಾಗಿದ್ದವು. ಈಗ ಹೊರಡುವ ನಾಲ್ಕು ದಿನ ಮೊದಲೇ ಉಗುರು ಕತ್ತರಿಸುತ್ತೇನೆ, ಶೂ ಒಂದು ಅಳತೆ ದೊಡ್ಡದು ಕೊಳ್ಳುತ್ತೇನೆ, ಘಾಟಿಯ ತಲೆಯಲ್ಲಿ ಕುಳಿತು ಕಣಕಾಲಿನ ಹತ್ತಿರ ಲೇಸನ್ನು ಬಿಗಿಯುತ್ತೇನೆ. ಹಿಮ್ಮಡಿ ಹಿಂದೆಯೇ ನಿಂತರೆ ಬೆರಳು ಮುಂದಕ್ಕೆ ಬಡಿಯುವುದಿಲ್ಲ.

ಬಲಬದಿಯ ನಿಯಮವೂ ಘಾಟಿಯಲ್ಲಿ ಎಲ್ಲ ಕಡೆ ಸಲ್ಲುವುದಿಲ್ಲ. ರಸ್ತೆ ಬಲಕ್ಕೆ ತಿರುಗುವಾಗ ಒಳ ಅಂಚಿನಲ್ಲಿದ್ದರೆ ಮೇಲೆ ಬರುವ ಲಾರಿಗೆ ನಾವು ಕಾಣುವುದು ಕೊನೆಯ ಕ್ಷಣದಲ್ಲಿ. ಒಂದು ಕಡೆ ಬಂಡೆ ಮತ್ತು ಚರಂಡಿ, ಇನ್ನೊಂದು ಕಡೆ ತಡೆಗೋಡೆ, ಸರಿಯಲು ಜಾಗವೇ ಇಲ್ಲ. ಅಂಥ ತಿರುವು ಬರುವ ಮೊದಲೇ, ಎರಡೂ ಕಡೆ ಕಾಣುವ ನೇರ ರಸ್ತೆಯಲ್ಲಿ, ಎಲ್ಲರೂ ಒಟ್ಟಿಗೆ ದಾಟಿ ಹೊರ ಅಂಚಿಗೆ ಹೋಗುತ್ತೇವೆ. ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ. ಒಬ್ಬರ ಹಿಂದೆ ಒಬ್ಬರು, ಭಜನೆ ನಿಲ್ಲಿಸಿ, ಕಿವಿ ತೆರೆದು.

ಸೇವೆ ಮಾಡುವವರು ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ ಕೊಡುತ್ತಾರೆ. ಅವರ ಋಣ ದೊಡ್ಡದು. ಆದರೆ ಕುಡಿದ ಲೋಟಗಳು ತಡೆಗೋಡೆಯ ಆಚೆ, ಕೆಂಪುಹೊಳೆಯ ಕಡೆಗೆ ಬಿದ್ದಿರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ತಂಡದ ಪ್ರತಿಯೊಬ್ಬರ ಸೊಂಟದಲ್ಲೂ ಒಂದು ಸ್ಟೀಲ್ ಲೋಟ ತೂಗುತ್ತಿರುತ್ತದೆ.

ಗುಂಡ್ಯ ತಲುಪಿದಾಗ ಗಾಳಿಯೇ ಬೇರೆ. ಬೆವರು ಆರುವುದಿಲ್ಲ, ಕಾಲುಚೀಲ ಒದ್ದೆಯಾಗಿಯೇ ಇರುತ್ತದೆ, ಪಾದದ ಚರ್ಮ ಮೆತ್ತಗಾಗಿ ಹೊಸದಾಗಿ ಬೊಬ್ಬೆ ಏಳುತ್ತದೆ. ಗಂಟೆಗೊಮ್ಮೆ ಕಾಲುಚೀಲ ಬದಲಿಸಿ, ಬಿಚ್ಚಿದ್ದನ್ನು ಹೆಗಲ ಚೀಲಕ್ಕೆ ಸಿಕ್ಕಿಸಿ ಒಣಗಿಸುತ್ತಾ ನಡೆಯುತ್ತೇವೆ. ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಕೊಕ್ಕಡದ ರಸ್ತೆಗೆ ತಿರುಗಿದಾಗ ಮರಗಳ ನೆರಳು, ಕೆಂಪು ಮಣ್ಣಿನ ಅಂಚು. ಸಣ್ಣ ಸಣ್ಣ ಏರುಗಳು. ಇಳಿದು ಇಳಿದು ಬಂದ ಕಾಲಿಗೆ ಏರು ಎಷ್ಟು ಹಿತ ಎಂಬುದು ಅಲ್ಲಿ ತಿಳಿಯುತ್ತದೆ. ಸೌತಡ್ಕದಲ್ಲಿ ಗುಡಿಯಿಲ್ಲದೆ ಬಯಲಲ್ಲಿ ಕುಳಿತ ಗಣಪತಿಗೆ ಕೈಮುಗಿದು, ಸುತ್ತ ತೂಗುವ ಗಂಟೆಗಳ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂರುತ್ತೇವೆ.

ನೇತ್ರಾವತಿಯಲ್ಲಿ ಮಿಂದು, ಮಂಜುನಾಥನ ದರ್ಶನ ಮುಗಿಸಿ, ಶಿವರಾತ್ರಿಯ ಜಾಗರಣೆಯ ಮರುದಿನ ಬಸ್ ಹತ್ತುತ್ತೇವೆ. ಎಲ್ಲರೂ ನಿದ್ದೆ ಹೋಗುತ್ತಾರೆ. ನಾನು ಕಿಟಕಿಯ ಪಕ್ಕ ಕುಳಿತು, ಗುಂಡ್ಯದಿಂದ ಮಾರನಹಳ್ಳಿಯವರೆಗೆ ಅಂಚು ಎಲ್ಲಿ ಕಿರಿದಾಗಿದೆ, ದಾಟಲು ನೇರ ರಸ್ತೆ ಎಲ್ಲಿದೆ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕಳೆದ ಸಲ ಅಜ್ಜ ಮುಂದಿನ ಸೀಟಿನಿಂದ ತಿರುಗಿ, ‘ಆ ಮೋರಿಯ ಪಕ್ಕದ ತಿರುವು ಬರೆದೆಯಾ?’ ಎಂದು ಕೇಳಿದರು. ಬರೆದಿದ್ದೆ.