ಹಳೇ ಮಾರುತಿ 800ಕ್ಕ ಇಸಿಎಂ ಬದಲಿ ಮಾಡಿದ್ದು: ನನ್ನ ಅನುಭವ

ಮೊದಲ ಒಂದು ಮಾತು ಹೇಳಿಬಿಡ್ತೀನಿ, ಇಸಿಎಂ (ಇಂಜಿನ್ನಿಗೆ ಪೆಟ್ರೋಲ್, ಕಿಡಿ ಯಾವಾಗ ಎಷ್ಟು ಅಂತ ಹೇಳೂ ಕಂಪ್ಯೂಟರ್ ಡಬ್ಬಿ) ಬಿಚ್ಚಿ ಇನ್ನೊಂದು ಹಾಕೂದು ದೊಡ್ಡ ಕೆಲಸ ಅಲ್ಲ. ಬೋಲ್ಟ್ ತಗಿ, ಕನೆಕ್ಟರ್ ತಗಿ, ಹಾಕು, ಅಷ್ಟ. ಕಷ್ಟ ಇರೂದು ಅದು ಖರೇನ ಹೋಗೇತೋ ಇಲ್ಲೋ ಅಂತ ತಿಳ್ಕೊಳ್ಳೂದ್ರಾಗ, ಹೋಗಿದ್ರ ಯಾಕ ಹೋತು ಅಂತ ಹುಡುಕೂದ್ರಾಗ. ಕಾರಣ ಸಿಗದ ಇನ್ನೊಂದು ತಂದು ಹಾಕಿದ್ರ ಅದೂ ಸಾಯ್ತೈತಿ, ರೊಕ್ಕಾನೂ ಹೋಗ್ತೈತಿ.

ಗಾಡಿ ನಮ್ಮ ಸೋದರಮಾವಂದು. 2004ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲಿ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಸೂದು), ನಾಲ್ಕು ಗೇರಿಂದು. ನಾನು ಬೆಳಗಾವ್ಯಾಗ ಉದ್ಯಮಬಾಗ ಕಡೆ ಮಷೀನಿನ ಪ್ಯಾನೆಲ್ ವೈರಿಂಗ್, ಕಾರ್ಡ್ ರಿಪೇರಿ ಮಾಡಾಂವ, ಗಾಡಿ ಮಿಸ್ತ್ರಿ ಅಲ್ಲ, ಆದ್ರ ಮಲ್ಟಿಮೀಟರ್ ಹಿಡಿಯೂದು ದಿನದ ಕೆಲಸ. ಮಳಿಗಾಲ ಹತ್ತಿದ್ದ ಹತ್ತಿದ್ದು ಗಾಡಿ ಒಮ್ಮೆ ಸ್ಟಾರ್ಟ್ ಆಗ್ತಿತ್ತು, ಒಮ್ಮೆ ಇಲ್ಲ, ಬಿಸಲು ಬಿದ್ದ ದಿನ ಸುದ್ದ ಓಡ್ತಿತ್ತು, ಕಡೀಕ ಪೂರ್ತಿ ಬಂದ್. ಸೆಲ್ಫ್ ಹೊಡದ್ರ ಇಂಜಿನ್ ತಿರಗ್ತೈತಿ ಆದ್ರ ಹತ್ತವಲ್ದು. ಒಂದು ಗ್ಯಾರೇಜದಾಗ ಬಾನೆಟ್ ತಗದು ಎರಡ ನಿಮಿಷಕ್ಕ "ಇಸಿಎಂ ಹೋಗೇತ್ರಿ ಸರ, ಗಾಡಿ ಗುಜರಿಗೆ ಕೊಡ್ರಿ" ಅಂದ್ರಂತ. ಮಾಮಾಗ ಭಾಳ ಬ್ಯಾಸರ ಆಗಿತ್ತು. "ತಮ್ಮಾ, ಮನಿಗೆ ಬಂದ ಮೊದಲನೇ ಗಾಡಿ ಇದು, ಒಂದ ಸಲ ನೀನರ ನೋಡು" ಅಂತ ಫೋನ್ ಮಾಡಿದ್ರು. "ನೋಡೂಣ್ರಿ ಮಾಮಾ, ಅಲ್ಲೀತನಾ ಯಾರಿಗೂ ಕೊಡಬ್ಯಾಡ್ರಿ" ಅಂದೆ.

ಕೀ ಆನ್ ಮಾಡಿದ ಕೂಡ್ಲೇ ಮೀಟರ್‌ದಾಗ ಚೆಕ್ ಇಂಜಿನ್ ಲೈಟ್ ಹತ್ತಬೇಕು, ಹಿಂದ ಪೆಟ್ರೋಲ್ ಟ್ಯಾಂಕಿನಾಗ ಪಂಪ್ ಎರಡ ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಇಲ್ಲಿ ಎರಡೂ ಇಲ್ಲ. ಇದು ಇಸಿಎಂ ಕಡೆ ಬೆರಳು ತೋರಸ್ತೈತಿ ಖರೆ, ಆದ್ರ ಫ್ಯೂಸ್ ಹೋದ್ರೂ ಹಿಂಗ ಆಗ್ತೈತಿ, ಅರ್ಥಿಂಗ್ ಬಿಟ್ರೂ ಹಿಂಗ ಆಗ್ತೈತಿ. ಅದಕ್ಕ ನಾನು ಬ್ಯಾಟರಿಯಿಂದ ಶುರು ಮಾಡಿದೆ. ಸುಮ್ನ ನಿಂತಾಗ 12.5 ವೋಲ್ಟ್, ಸೆಲ್ಫ್ ಹೊಡಿವಾಗ 10ರ ಮ್ಯಾಲೆ, ಚಲೋನ ಐತಿ. ಫ್ಯೂಸ್ ಕಣ್ಣಿಲೆ ನೋಡಿ ಬಿಡಬ್ಯಾಡ್ರಿ, ಟೆಸ್ಟ್ ಲ್ಯಾಂಪ್ ಹಿಡದು ಎರಡೂ ಕಡೆ ನೋಡ್ರಿ.

ಆಮ್ಯಾಲೆ ಇಸಿಎಂ ಕನೆಕ್ಟರ್ ಬಿಚ್ಚಿ ವೈರಿಂಗ್ ಡಯಾಗ್ರಾಮ್ ನೋಡಿ ಪಿನ್ನಿಗೆ ಬಂದೆ. ಎರಡು ಥರದ ಸಪ್ಲೈ ಇರ್ತೈತಿ, ಒಂದು ಕೀ ಹಾಕಿದಾಗ ಬರೂದು, ಒಂದು ಮೆಮೊರಿಗೆ ಅಂತ ಸದಾ ಇರೂದು. ಇಲ್ಲಿ ಭಾಳ ಮಂದಿ ಮೀಟರ್ ಬೀಪ್ ಅಂದ್ರ ಸಾಕು ವೈರ್ ಚಲೋ ಐತಿ ಅಂತಾರ. ತಂತ್ಯಾಗ ಒಂದ ಎಳಿ ಉಳದಿದ್ರೂ ಬೀಪ್ ಅಂತೈತಿ, 12 ವೋಲ್ಟೂ ತೋರಸ್ತೈತಿ, ಲೋಡ್ ಬಿದ್ದಾಗ ಮಾತ್ರ ಕೈ ಕೊಡ್ತೈತಿ. ನಾನು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಹಚ್ಚಿ ಇಟ್ಕೊಂಡೀನಿ, ಅದನ್ನ ಸಪ್ಲೈ ಪಿನ್ನಿಗೂ ಅರ್ಥ್ ಪಿನ್ನಿಗೂ ಹಿಡದೆ, ಝಗ್ ಅಂತ ಹತ್ತಿತು. ಬಲ್ಬ್ ಉರೀವಾಗ ಅರ್ಥ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವ ವೋಲ್ಟೇಜ್ ನೋಡಿದೆ, 0.1ಕ್ಕಿಂತ ಕಡಿಮಿ. ಅಲ್ಲಿಗೆ ವೈರಿಂಗ್ ಸುದ್ದ ಐತಿ ಅಂತಾತು.

ಪಂಪ್ ರಿಲೇನ ಕಾಯಿಲಿಗೆ ಇಸಿಎಂ ಅರ್ಥ್ ಕೊಡ್ತೈತಿ, ಚೆಕ್ ಇಂಜಿನ್ ಲೈಟಿಗೂ ಅದ ಕೊಡೂದು. ಕನೆಕ್ಟರ್ ಕಡೆಯಿಂದ ಆ ಎರಡು ಪಿನ್ನಿಗೆ ನಾನ ವೈರ್ ಹಚ್ಚಿ ಅರ್ಥ್ ಕೊಟ್ಟೆ. ಲೈಟ್ ಹತ್ತಿತು, ಪಂಪ್ ಗುಂಯ್ ಅಂತು. ಅಂದ್ರ ಬಲ್ಬ್, ರಿಲೇ, ಪಂಪ್ ಎಲ್ಲಾ ಚಲೋ ಅದಾವು, ಹೇಳಾವ ಹೇಳವಲ್ಲ ಅಷ್ಟ.

ಇನ್ನೊಂದು ಪರೀಕ್ಷೆ ಉಳದಿತ್ತು, ನನ್ನ ಲೆಕ್ಕದಾಗ ಇದ ಎಲ್ಲಕ್ಕಿಂತ ಮುಖ್ಯ. ಇಸಿಎಂ ತನ್ನ ಒಳಗ 5 ವೋಲ್ಟ್ ಮಾಡಿ ಥ್ರಾಟಲ್ ಸೆನ್ಸರ್ (ಇಂಜಿನ್ನಿಗೆ ಗಾಳಿ ಬಿಡೂ ಬಾಗಲಾ ಎಷ್ಟ ತೆರದೈತಿ ಅಂತ ಹೇಳೂದು), ಮ್ಯಾಪ್ ಸೆನ್ಸರಿಗೆ (ಒಳಗ ಹೋಗೂ ಗಾಳಿ ಒತ್ತಡ ಹೇಳೂದು) ಕಳಸ್ತೈತಿ. ಇವುಗಳಾಗ ಒಂದು ಸೆನ್ಸರ್ ಶಾರ್ಟ್ ಆದ್ರ ಆ 5 ವೋಲ್ಟ್ ನೆಲಕ್ಕ ಬೀಳ್ತೈತಿ, ಚಲೋ ಇಸಿಎಂ ಸತ್ತಂಗ ಕಾಣ್ತೈತಿ, ಸ್ಕ್ಯಾನರ್ ಸುದ್ದಾ ಕನೆಕ್ಟ್ ಆಗಂಗಿಲ್ಲ. ಎಷ್ಟ ಗಾಡಿಗೆ ಇದ ಕಾರಣಕ್ಕ ಸುಮ್ನ ಇಸಿಎಂ ಬದಲಿ ಮಾಡಿ ಮಂದೀದು ರೊಕ್ಕ ಖರ್ಚ ಮಾಡಸ್ತಾರ, ನೋಡಿದ್ರ ಹೊಟ್ಟಿ ಉರೀತೈತಿ. ನಾನು ಕನೆಕ್ಟರ್ ಮತ್ತ ಹಾಕಿ ಅಳದೆ, ಸೊನ್ನಿ. ಒಂದೊಂದ ಸೆನ್ಸರ್ ಬಿಚ್ಚಕೋತ ಹೋದೆ, ಎಲ್ಲಾ ಬಿಚ್ಚಿದ ಮ್ಯಾಲೂ ಸೊನ್ನಿ. ಸಪ್ಲೈ ಐತಿ, ಅರ್ಥ್ ಐತಿ, ಹೊರಗ ಶಾರ್ಟ್ ಇಲ್ಲ, 5 ವೋಲ್ಟ್ ಇಲ್ಲ. ಈಗ ಧೈರ್ಯವಾಗಿ ಇಸಿಎಂ ಹೋಗೇತಿ ಅನ್ನಬಹುದು.

ಬ್ಯಾಟರಿ ನೆಗೆಟಿವ್ ತಗದು ಬಾಕ್ಸ್ ಹೊರಗ ತಂದೆ. ಡ್ಯಾಶ್‌ಬೋರ್ಡಿನ ಕೆಳಗ ಎಡಗಡೆ ಇರ್ತೈತಿ. ಮುಚ್ಚಳ ತಗದ್ರ ಒಂದು ಮೂಲ್ಯಾಗ ಹಸರ ಪುಡಿ, ಪಿನ್ ಬುಡಕ್ಕ ಬಿಳೀ ಬುರಗು ಒಣಗಿದಂಗ, ಬೋರ್ಡಿನ ಮ್ಯಾಲಿನ ವಾರ್ನಿಷ್ ಎದ್ದು ಅದರ ಕೆಳಗ ತಾಮ್ರದ ಗೆರಿ ಕೂದಲದಷ್ಟ ಉಳದು ನಡುವ ಕಡದಿತ್ತು. ನೀರು! ಕಾರ್ಪೆಟ್ ಎತ್ತಿದ್ರ ಎಡಗಡೆ ಹಸಿ. ಗಾಡಿ ನಿಲ್ಲೂದು ಹುಣಸಿ ಮರದ ಕೆಳಗ. ಹುಣಸಿ ಎಲಿ ಎಷ್ಟ ಸಣ್ಣೂ ಅಂದ್ರ ವೈಪರ್ ಕೆಳಗಿನ ಜಾಳಗಿಯಿಂದ ಸೀದಾ ಒಳಗ ಬೀಳ್ತಾವು, ಅಲ್ಲಿ ಕೊಳತು ನೀರು ಹೋಗೂ ತೂತು ಕಟ್ಟೇತಿ, ಬೆಳಗಾವಿ ಮಳಿ ನೀರು ಅಲ್ಲೇ ನಿಂತು ಬ್ಲೋವರ್ ಕಡೆಯಿಂದ ಒಳಗ ಇಳದು ವೈರಿನ ಗುಂಟ ಹರದು ಕನೆಕ್ಟರ್ ಮುಟ್ಟೇತಿ. ಕಾರಣ ಸಿಕ್ತು. ಕೈ ಹಾಕಿ ಎಲಿ ಕೆಸರು ತಗದ್ರ ಒಂದು ಮಗ್ಗು ತುಂಬಿತು.

ಗೆರಿ ಜೋಡಿಸಿ ಬೋರ್ಡ್ ಎಬ್ಬಸಬಹುದಿತ್ತು, ಎಷ್ಟೋ ಕಾರ್ಡ್ ಹಂಗ ಎಬ್ಬಿಸೀನಿ. ಆದ್ರ ಐಸಿ ಕಾಲಿನ ಕೆಳಗೂ ಹಸರ ಹೊಕ್ಕಿತ್ತು, ಮಾಮಾ ರಾತ್ರಿ ಹೊತ್ತು ಹೆಂಗಸರು ಮಕ್ಕಳನ್ನ ಕರ್ಕೊಂಡು ಹೋಗೂ ಗಾಡಿ, ನಡು ದಾರ್ಯಾಗ ನಿಂದ್ರಬಾರದು ಅಂತ ಬದಲೀನ ಮಾಡಾಕ ಠರಾಯಿಸಿದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೂವಾಗ ಲೇಬಲ್ ಮ್ಯಾಲಿನ ನಂಬರ್ ಪೂರ್ತಿ ಕೂಡಬೇಕು. ಸುಝುಕಿದ್ರಾಗ 33920 ಅಂತ ಶುರು ಆಗ್ತೈತಿ, ಆದ್ರ ಅಷ್ಟ ಕೂಡಿದ್ರ ಸಾಲೂದಿಲ್ಲ, ಡ್ಯಾಶ್ ಆದ ಮ್ಯಾಲಿನ ಅಂಕಿ ಅಕ್ಷರಾನೂ ಅದ ಇರಬೇಕು. 800 ಅಂದ ಕೂಡ್ಲೇ ಎಲ್ಲಾ ಒಂದ ಅಲ್ಲ, 6 ವಾಲ್ವಿನ 37 ಬಿಎಚ್‌ಪಿ ಇಂಜಿನ್ ಬ್ಯಾರೆ, ಐದು ಗೇರಿನ 12 ವಾಲ್ವಿನ 45 ಬಿಎಚ್‌ಪಿದು ಬ್ಯಾರೆ. ಗಾಡಿ ಉತ್ಪಾದನೆ 2014ಕ್ಕ ನಿಂತೈತಿ, ಅದಕ್ಕ ಗುಜರಿನ ಗತಿ.

ಗುಜರ್ಯಾಗ ಬರೇ ಡಬ್ಬಿ ನೋಡಬ್ಯಾಡ್ರಿ, ಅದು ಯಾವ ಗಾಡ್ಯಾಗಿಂದು ಅಂತ ಗಾಡಿ ತೋರ್ಸು ಅನ್ರಿ. ಮುಂದ ಗುದ್ದಿಸಿಕೊಂಡ ಗಾಡಿ ಆದ್ರ ಚಲೋ, ಗುದ್ದೂತನಾ ಓಡಿದ್ದ ಇಂಜಿನ್ ಅದು. ಪೂರಕ್ಕ, ಅಂದ್ರ ಹೊಳಿ ಪ್ರವಾಹಕ್ಕ ಸಿಕ್ಕ ಗಾಡಿ ಬ್ಯಾಡವೇ ಬ್ಯಾಡ. 2019ರ ಆಗಸ್ಟ್, 2021ರ ಜುಲೈದಾಗ ನಮ್ಮ ಕಡೆ, ಕೊಲ್ಹಾಪುರ ಸಾಂಗ್ಲಿ ಕಡೆ ಹೊಳಿ ನೀರಾಗ ಗಾಡಿ ಮುಳಗಿದ್ದು ನೆನಪೈತಲ್ಲ, ಅಂಥಾವು ತೊಳದು ಒರಸಿ ಇಟ್ಟಿರ್ತಾರ. ಸೀಟ್ ಬೆಲ್ಟ್ ಪೂರ್ತಿ ಹೊರಗ ಎಳೀರಿ, ಕಡೀ ಗೇಣಿನಾಗ ಮಣ್ಣಿನ ಗೆರಿ ಇದ್ರ ನೀರಿನ್ಯಾಗ ನಿಂತಿದ್ದ ಗಾಡಿ. ಇದನ್ನ ತೊಳ್ಯಾಕ ಯಾರಿಗೂ ನೆನಪಾಗಂಗಿಲ್ಲ. ನನಗ ಕೊಲ್ಹಾಪುರದಾಗ ನಂಬರ್ ಕೂಡೂದು ಮೂರೂವರೆ ಸಾವಿರಕ್ಕ ಸಿಕ್ತು, ಹೊರಡೂ ಮೊದಲ ಮುಚ್ಚಳ ತಗದು ಬೋರ್ಡ್ ನೋಡೇ ತಂದೆ.

ಕೀಲ್ಯಾಗ ಚಿಪ್ ಇರೂ ಗಾಡಿ ಇದ್ರ ಕಥಿ ಬ್ಯಾರೆ. ಇಸಿಎಂ ಒಂದ ತಂದ್ರ ಇಮೊಬಿಲೈಸರ್ (ಕೀಲಿ ಗುರುತು ಸಿಗದಿದ್ರ ಗಾಡಿ ಹತ್ತಗೊಡದ ಕಳುವಿನ ತಡೆ) ಒಪ್ಪೂದಿಲ್ಲ. ಆ ಗಾಡೀದ ಇಮೊಬಿಲೈಸರ್ ಡಬ್ಬಿ ಮತ್ತ ಕೀಲಿ ಜೋಡಿ ತರಬೇಕು, ಇಲ್ಲಾ ಹಳೇ ಬೋರ್ಡಿನ ಮೆಮೊರಿ ಐಸಿ ಡಾಟಾ ಹೊಸದಕ್ಕ ಇಳಸೂ ಮಂದಿ ಕಡೆ ಹೋಗಬೇಕು. ಮಾಮಾಂದು ಸಾದಾ ಕೀಲಿ, ಆ ತ್ರಾಸ ಇರಲಿಲ್ಲ.

ಹಾಕೂಕಿಂತ ಮೊದಲ ಇಸಿಎಂ ನಡಸೂ ಒಂದೊಂದು ಕಾಯಿಲ್ ಅಳದೆ. ಮೂರು ಇಂಜೆಕ್ಟರೂ 12 ಓಮ್ ಆಸುಪಾಸು, ಮೂರೂ ಒಂದ ಥರ. ಒಂದರ ಒಂದೆರಡು ಓಮ್ ತೋರಿಸಿದ್ರ ಅದು ಶಾರ್ಟ್, ಹೊಸ ಇಸಿಎಂನ ಟ್ರಾನ್ಸಿಸ್ಟರ್ ಸುಡ್ತೈತಿ. ಐಡಲ್ ವಾಲ್ವ್, ಪಂಪ್ ರಿಲೇ ಕಾಯಿಲ್, ಅವೂ ನೋಡಿದೆ. ಲಾರಿಯ 24 ವೋಲ್ಟಿನಿಂದ ಜಂಪ್ ಕೊಡೂದು, ಇಸಿಎಂ ಕನೆಕ್ಟರ್ ಬಿಚ್ಚದ ಸೈಲೆನ್ಸರ್ ವೆಲ್ಡಿಂಗ್ ಮಾಡಸೂದು, ಇವೆರಡೂ ನಮ್ಮ ಕಡೆ ಭಾಳ ಇಸಿಎಂ ತಿಂದಾವು, ದಯಮಾಡಿ ಮಾಡಬ್ಯಾಡ್ರಿ.

ಗಾಡಿ ಕಡೆಯ ಕನೆಕ್ಟರ್ ಕಾಂಟ್ಯಾಕ್ಟ್ ಕ್ಲೀನರ್ ಹೊಡದು ಮೆತ್ತನ ಬ್ರಶ್‌ಲೆ ತೊಳದೆ. ಅದ ಅಳತಿದು ಒಂದು ಪಿನ್ ತಗೊಂಡು ಪ್ರತಿ ತೂತಿನ್ಯಾಗ ಹಾಕಿ ಎಳದು ನೋಡಿದೆ, ಬಿಗಿ ಹತ್ತಬೇಕು, ಪುಸಕ್ ಅಂತ ಬಂದ್ರ ಆ ಟರ್ಮಿನಲ್ ಸಡಲಾಗೇತಿ. ಎರಡು ಸಡಲ ಸಿಕ್ಕೂ, ಹೊಸಾವು ಕ್ರಿಂಪ್ ಮಾಡಿ ಹಾಕಿದೆ. ವೈರಿನ ಕಟ್ಟನ್ನ ಇಸಿಎಂಕಿಂತ ಕೆಳಗ ಒಮ್ಮೆ ಬಾಗಿಸಿ ಮ್ಯಾಲೆ ತಂದು ಕಟ್ಟಿದೆ, ಮುಂದ ಎಂದರ ನೀರು ಹರದು ಬಂದ್ರೂ ಬಾಗಿದಲ್ಲೇ ತೊಟ್ಟಿಕ್ಕಿ ಕೆಳಗ ಬೀಳ್ತೈತಿ, ಕನೆಕ್ಟರ್ ತನಕಾ ಹೋಗಂಗಿಲ್ಲ. ಜಾಳಗಿಗೆ ಸೊಳ್ಳಿ ಪರದೆಯ ಸ್ಟೀಲ್ ಜಾಳಗಿ ಕತ್ತರಿಸಿ ಕೂಡಿಸಿದೆ.

ಸೆಲ್ಫ್ ಹೊಡಿಯೂ ಮೊದಲ ಬರೇ ಕೀ ಆನ್ ಮಾಡಿದೆ. ಲೈಟ್ ಹತ್ತಿತು, ರಿಲೇ ಟಕ್ ಅಂತು, ಪಂಪ್ ಗುಂಯ್ ಅಂದು ನಿಂತು. ಮೀಟರ್ ಹಿಡದ್ರ 5.0 ವೋಲ್ಟ್. ಆಮ್ಯಾಲೆ ಸೆಲ್ಫ್, ಒಂದ ಏಟಿಗೆ ಹತ್ತಿತು ನೋಡ್ರಿ, ಲೈಟೂ ಆರಿತು. ಮಾಮಾ ಬಾಯ್ಲೆ ಏನೂ ಅನ್ನಲಿಲ್ಲ, ಬಾನೆಟ್ ಮ್ಯಾಲೆ ಕೈ ಇಟ್ಟು ನಿಂತ್ರು. ಆಲ್ಟರ್ನೇಟರ್ 14.1 ಕೊಡ್ತಿತ್ತು, ಎಲ್ಲಾ ಸರಿ. ಫ್ಯಾನ್ ತಿರಗೂತನಾ ಐಡಲ್ ಬಿಟ್ಟು, ವಂಟಮುರಿ ಘಾಟ್ ಹತ್ತಿ ಸಂಕೇಶ್ವರ ತನಕಾ ಹೋಗಿ ಬಂದ್ವಿ, ಎಲ್ಲೂ ಜಗ್ಗಲಿಲ್ಲ.

ನಿಮ್ಮ ಗಾಡಿನೂ ಹಿಂಗ ಸ್ಟಾರ್ಟ್ ಆಗವಲ್ದು ಅಂದ್ರ ಕೀ ಆನ್ ಮಾಡಿ ಮೊದಲ ಆ ಲೈಟ್ ನೋಡ್ರಿ. ಲೈಟ್ ಹತ್ತಿ, ಪಂಪೂ ಗುಂಯ್ ಅಂದ್ರ ಇಸಿಎಂ ಭಾಳ ಮಾಡಿ ಜೀವಂತ ಐತಿ, ಅದನ್ನ ಬಿಚ್ಚಬ್ಯಾಡ್ರಿ. ಕಿಡಿ ಬರ್ತೈತೋ ಇಲ್ಲೋ, ಪೆಟ್ರೋಲ್ ಪ್ರೆಶರ್ ಎಷ್ಟೈತಿ, ಇಂಜಿನ್ ತಿರಗೂದನ್ನ ಹೇಳೂ ಸೆನ್ಸರಿನ ವೈರ್ ಚಲೋ ಐತೋ ಇಲ್ಲೋ, ಇವನ್ನ ಮೊದಲ ನೋಡ್ರಿ.