ಯಲ್ಲಮ್ಮನ ಗುಡ್ಡದ ಟೆಂಪೋ ಬಾಡಿಗಿ ಫ್ರೈಟ್ ಖಾತೆದಾಗ ಸಿಕ್ಕಿದ್ದು

ಬೆಳಗಾವಿ ಉದ್ಯಮಬಾಗದಾಗ ನಮ್ದೊಂದು ಸಣ್ಣ ಮಷಿನ್ ಶಾಪ್ ಐತಿ, ಹೈಡ್ರಾಲಿಕ್ ಪಾರ್ಟ್ಸ್ ಜಾಬ್‌ವರ್ಕ್. ಪ್ರೈವೇಟ್ ಲಿಮಿಟೆಡ್, ಅಪ್ಪ ಕಾಕಾ ಇಬ್ರೂ ಡೈರೆಕ್ಟರ್, ಶೇರು ಅರ್ಧಾ ಅರ್ಧಾ. ಬಿಕಾಂ ಮುಗಿಸಿ ಫೆಬ್ರುವರಿದಾಗ ನಾನು ಅಕೌಂಟ್ಸ್ ನೋಡಾಕ ಕುಂತೆ, ಮೊದಲ್ನೇ ವಾರದಾಗ 'ಫ್ರೈಟ್ ಇನ್‌ವರ್ಡ್' (ಮಾಲು ತರಿಸಿದ ಬಾಡಿಗಿ) ಲೆಡ್ಜರ್‌ನ್ಯಾಗ 7,500ರ ಒಂದ್ ಎಂಟ್ರಿ ಕಂಡ್ತು, ಯಾವ ಮಾಲು ಬಂತು ಅಂತ ಹುಡುಕಿದ್ರ ಮಾಲು ಬಂದೇ ಇಲ್ಲ, ಅದು ಬನದ ಹುಣ್ಣಿಮಿಗೆ ನಾವೆಲ್ಲಾ ಸವದತ್ತಿಗೆ ಹೋದ ಟೆಂಪೋ ಬಾಡಿಗಿ. ನಾನೂ ಹೋಗಿದ್ದೆ, ಅಂದ್ರ ಆ ಮಾಲು ನಾನ!

ಆಮ್ಯಾಲೆ ಒಂದೊಂದ ಬಿಚ್ಚಿಕೊಂಡ್ವು. ಕಾಕಾನ ಮಗಳ ನಿಶ್ಚಯಕ್ಕ ತಂದ 12 ಕಿಲೋ ಕುಂದಾ 'ಸ್ಟಾಫ್ ವೆಲ್ಫೇರ್' (ಸ್ಟಾಫಿಗೆ ಒಂದ್ ತುಣುಕೂ ಸಿಕ್ಕಿಲ್ಲ), ನಮ್ಮ ಮನಿ ಫ್ರಿಜ್ 'ಆಫೀಸ್ ಇಕ್ವಿಪ್‌ಮೆಂಟ್', ಅದರ ಮ್ಯಾಲಿನ ಜಿಎಸ್‌ಟಿ ಇನ್‌ಪುಟ್ (ಖರೀದಿ ಮ್ಯಾಲೆ ಕಟ್ಟಿದ ಟ್ಯಾಕ್ಸಿನ ವಜಾ) ಸೈತ ತಗೊಂಡಿದ್ರು. ಯಾರೂ ಕಳ್ಳರಲ್ಲ ಮತ್ತ. ಇಬ್ರಿಗೂ ಪಗಾರ ಅಂತ ಇರ್ಲೇ ಇಲ್ಲ, ಬೇಕಾದಾಗ ಗಲ್ಲಾದಾಗ ಕೈ ಹಾಕೋದು, ಕಂಪನಿ ಕಾರ್ಡ್ ತಿಕ್ಕೋದು, ವೋಚರ್ ಬರ್ಯಾವ ಯಾವ್ದೋ ಒಂದ್ ಖಾತೆಗೆ ಹಾಕೋದು.

ಸಿಎ ಸಾಹೇಬ್ರ ಹತ್ರ ಓಡಿದೆ. ಮನಿ ಖರ್ಚು ಕಂಪನಿ ಖರ್ಚು ಅಂತ ನಡಿಯೂದಿಲ್ಲ ಅನ್ನೋದು ಗೊತ್ತಿತ್ತು, ಎದಿ ಧಸಕ್ ಅಂದಿದ್ದು ಡೀಮ್ಡ್ ಡಿವಿಡೆಂಡ್ ಕೇಳಿ, ಅಂದ್ರ ಶೇರುದಾರಗ ಲಾಭ ಹಂಚದಿದ್ರೂ ಹಂಚಿದಂಗ ಹಿಡದು ಟ್ಯಾಕ್ಸ್ ಹಾಕೋದು. ಆಗ ಜಾರಿದಾಗಿದ್ದ 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆ 2(22)(ಇ) ಪ್ರಕಾರ ನಮ್ಮಂಥಾ ಕಂಪನಿ 10 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ವೋಟಿಂಗ್ ಹಕ್ಕಿನ ಶೇರುದಾರಗ ಸಾಲ ಕೊಟ್ರ, ಇಲ್ಲಾ ಅವನ ಸಲುವಾಗಿ ರೊಕ್ಕ ಕಟ್ಟಿದ್ರ, ಕೂಡಿಟ್ಟ ಲಾಭದ ಮಟ್ಟಿಗೆ ಅದು ಅವನ ಡಿವಿಡೆಂಡ್ ಆಗಬಹುದು. ಮಾರ್ಚ್ 31ರ ಒಳಗ ವಾಪಸ್ ತುಂಬಿದ್ರಾತಲ್ಲ ಅಂದೆ. 1977ರಾಗ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಿಲ್ಲ ಅಂದ್ರು, ತೀರಿಸಿದ ಸಾಲನೂ ಲೆಕ್ಕಕ್ಕ ಬರತೈತಿ.

ಮನಿಗೆ ಬಂದು ಹಿಂದಿನ ಏಪ್ರಿಲ್‌ದಿಂದ ಎಲ್ಲಾ ಲೆಡ್ಜರ್ ಪ್ರಿಂಟ್ ತಗದೆ. ಶಾಪಿನ ಖರ್ಚಿಗೆ ನೀಲಿ, ಮನಿದಕ್ಕ ಕೆಂಪು, ಅನುಮಾನ ಇದ್ದದ್ದಕ್ಕ ಪೆನ್ಸಿಲ್. ಮೂರು ರಾತ್ರಿ ಹಿಡೀತು. ಕೆಂಪಿನವನ್ನೆಲ್ಲಾ ಖರ್ಚಿನಿಂದ ತಗದು ಇಬ್ರ ಹೆಸರಿನ ಎರಡು ಖಾತೆಗೆ ಹಾಕಿದೆ. ಕಾಕಾಂದು 5 ಲಕ್ಷ 80 ಸಾವಿರ, ಅಪ್ಪಂದು 4 ಲಕ್ಷ 10 ಸಾವಿರ.

ಅಪ್ಪ ವರ್ಷಗಟ್ಲೆ ಅವ್ವನ ಮುಂದ "ನನ್ನ ತಮ್ಮ ಕಂಪನಿ ನುಂಗಾಕತ್ತಾನ" ಅಂತ ಗೊಣಗ್ತಿದ್ರು, ಈ ಹಾಳಿ ನೋಡಿ "ಹೇಳಿರ್ಲಿಲ್ಲೇನು" ಅಂದ್ರು. ಆದ್ರ ಅನ್‌ಸೆಕ್ಯೂರ್ಡ್ ಲೋನ್ (ಅಡವಿಲ್ಲದ ಕಂಪನಿ ತಗೊಂಡ ಸಾಲ) ಖಾತೆದಾಗ ಇನ್ನೊಂದಿತ್ತು, 2019ರಾಗ ಸಿಎನ್‌ಸಿ ಮಷಿನ್ ತಗೊಳ್ಳಾಕ ಬ್ಯಾಂಕ್ ತಡಾ ಮಾಡಿದಾಗ ಕಾಕಾ ತಮ್ಮ ಹೆಸರಿನ ಹೊಲ ಮಾರಿ 18 ಲಕ್ಷ ಕಂಪನಿಗೆ ಹಾಕಿದ್ರು, ಅದು ಹಂಗ ಕುಂತಿತ್ತು. ಅಂದ್ರ ಕಾಕಾ ತಗೊಂಡಿದ್ದು ತಮ್ಮ ರೊಕ್ಕನ, ಅದಕ್ಕ ಸಾಲ ಅನ್ನಾಕ ಬರೂದಿಲ್ಲ. ಕಂಪನಿಗೆ ಬಾಕಿ ಇದ್ದದ್ದು ಅಪ್ಪ ಒಬ್ರ. ಹಾಲು, ಸಿಲಿಂಡರ್, ಎಲ್‌ಐಸಿ ಕಂತು ಅಂತ ಸಣ್ಣ ಸಣ್ಣದು, ಕಣ್ಣಿಗೆ ಬೀಳೂದಿಲ್ಲಲ್ಲ. ಅಪ್ಪ ಹಾಳಿ ಮಡಚಿಟ್ಟು ಎದ್ದು ಹೋದ್ರು. ಕಾಕಾ ಮಾತ್ರ "ಬಿಡವ್ವ, ಅಣ್ಣಗ ಈಗ ಏನೂ ಅನಬ್ಯಾಡ" ಅಂದ್ರು.

ಅಪ್ಪನ 4 ಲಕ್ಷ 10 ಸಾವಿರ ಅವರ ರಿಟರ್ನ್‌ದಾಗ ಡಿವಿಡೆಂಡ್ ಅಂತ ತೋರ್ಸಿ ಟ್ಯಾಕ್ಸ್ ಕಟ್ಟಿದ್ವಿ, ಫ್ರಿಜ್ಜಿನ ಇನ್‌ಪುಟ್ ಬಡ್ಡಿ ಸಮೇತ ವಾಪಸ್ ಹೋತು. ಹಿಂದಿನ ವರ್ಷದ್ದಕ್ಕ ಅಪ್‌ಡೇಟೆಡ್ ರಿಟರ್ನ್ (ಬಿಟ್ಟುಹೋದ ಆದಾಯ ತಡಾ ಆಗಿ ತೋರ್ಸೋ ರಿಟರ್ನ್), ಅದಕ್ಕ ಟ್ಯಾಕ್ಸು, ಬಡ್ಡಿ ಎರಡೂ ಕೂಡಿಸಿ ಅದರ ಮ್ಯಾಲೆ ಮತ್ತ 25 ಪರ್ಸೆಂಟ್. ಏಪ್ರಿಲ್‌ದಿಂದ ಇಬ್ರಿಗೂ ತಿಂಗಳಿಗೆ 60,000 ಪಗಾರ, ಟಿಡಿಎಸ್ ಮುರದು ಅವರವರ ಖಾತೆಗೆ, ಕಂಪನಿ ಕಾರ್ಡ್ ನನ್ನ ಡ್ರಾವರ್‌ದಾಗ. ಕಾರಿನ ಡೀಸೆಲ್ ಇನ್ನೂ ಬಗೆಹರಿದಿಲ್ಲ, ಡ್ಯಾಶ್‌ಬೋರ್ಡ್‌ನ್ಯಾಗ ಕಿಲೋಮೀಟರ್ ಬರಿಯಾಕ ನೋಟ್‌ಬುಕ್ ಇಟ್ಟೀನಿ, ಅದರಾಗ ಕಾಕಾ ತರಕಾರಿ ಚೀಟಿ ಬರೀತಾರ.

ಅವ್ವಗ ಸಿಟ್ಟು ಇಳಿದಿಲ್ಲ. ಮೊದಲ ಆಫೀಸಿಗೆ ಫೋನ್ ಮಾಡಿದ್ರ ಸಿಲಿಂಡರ್ ಬರ್ತಿತ್ತು, ಈಗ ಅಪ್ಪ ಕೊಡೋ 30,000ದಾಗ ಸಂತಿ ಸಾಲೂದಿಲ್ಲಂತ. ಪಗಾರ ಏರಸ್ರಿ ಅನ್ನಾಕತ್ತಾಳ, ಏರಿಸಿದ್ರ ಇಬ್ರಿಗೂ ಏರಿಸ್ಬೇಕು, ಆ ಬೋರ್ಡ್ ರೆಸಲ್ಯೂಷನ್ ಟೈಪ್ ಮಾಡಾಕೀನೂ ನಾನ.